ನಾಲ್ಕು ಬಾಗಿಲಿನ ಆಯೇರಿ

ಭಾನುವಾರ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ ಮುಂಬಯಿಯ ಭಾಂಡುಪಿನ ಶಾಲೆಯೊಂದರ ಸಭಾಗೃಹದಲ್ಲಿ ಸಾಯಬಣ್ಣ ನಾಲ್ಕು ಬಾಗಿಲುಗಳ ದಾನವನ್ನು ಘೋಷಿಸಿದ. ಬಾಗಿಲುಗಳು ಅವನವಲ್ಲ. ಬೇರೆಯವರವೂ ಅಲ್ಲ, ಆ ಹೊತ್ತಿಗೆ ಅವು ಇರಲೇ ಇಲ್ಲ.

ಈ ಘಟನೆಯ ಬಗ್ಗೆ ಅಲ್ಲಿನ ಗುಡ್ಡದ ಮೇಲಿನ ಚಾಳುಗಳಲ್ಲಿ, ಒತ್ತೊತ್ತಾದ ಸಾಲುಮನೆಗಳಲ್ಲಿ, ಈಗ ಹಲವು ಆವೃತ್ತಿಗಳಿವೆ. ಸಾಯಬಣ್ಣ ಕುಡಿದಿದ್ದ ಎಂಬುದು ಒಂದು. ಅದು ಸುಳ್ಳು, ಅವನು ಕುಡಿದದ್ದು ಚಹಾ, ಅದೂ ನಾಟಕದವರು ಕೊಟ್ಟದ್ದು. ಹೆಂಡತಿ ಭಾಗವ್ವ ಹೇಳಿಕೊಟ್ಟು ಕಳಿಸಿದ್ದಳು ಎಂಬುದು ಇನ್ನೊಂದು. ಅದೂ ಸುಳ್ಳು, ಹೇಳಿಕೊಟ್ಟಿದ್ದರೆ ಅವನು ಖಂಡಿತ ಮರೆಯುತ್ತಿದ್ದ. ನಡೆದದ್ದನ್ನು ನಡೆದ ಹಾಗೆ ಹೇಳುವುದು ಒಳ್ಳೆಯದು.

ಸಾಯಬಣ್ಣ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ ಹೊಡೆದು ಕಂಬ ನಿಲ್ಲಿಸುವುದು ಅವನ ಉದ್ಯೋಗ. ಅವನು ಹೊಡೆದ ಹಲಗೆ ಒಮ್ಮೆಯೂ ಕುಸಿದಿಲ್ಲ. ಉಳಿದೆಲ್ಲ ವಿಷಯಗಳಲ್ಲಿ ಅವನು ಗೊಂದಲದ ಮನುಷ್ಯ. ವಿಕ್ರೋಳಿಯ ಸೈಟಿಗೆ ಹೊರಟವನು ಎದುರು ಪ್ಲಾಟ್‌ಫಾರ್ಮಿನ ಲೋಕಲ್ ಹತ್ತಿ ಮುಲುಂಡ್ ನೋಡಿಕೊಂಡು ಬಂದದ್ದುಂಟು.

ಗುಡ್ಡದ ಮೇಲಿನ ಅವನ ಚಾಳಿಗೆ ಇರುವುದು ಸಾರ್ವಜನಿಕ ಸಂಡಾಸು. ಹೆಂಗಸರ ಕಡೆ ನಾಲ್ಕು ಖೋಲಿ. ಮಳೆಗಾಲಕ್ಕೆ ಮುಂಚೆ ರಿಪೇರಿಯೆಂದು ನಾಲ್ಕರ ಬಾಗಿಲುಗಳನ್ನೂ ಬಿಚ್ಚಿಸಿಕೊಂಡು ಹೋದವನು ನಿಂಗಣ್ಣ. ಸಂಡಾಸಿನ ಉಸ್ತುವಾರಿ ನೋಡುವ ಮಿತ್ರ ಮಂಡಳಕ್ಕೆ ಅವನೇ ಅಧ್ಯಕ್ಷ, ರಿಪೇರಿಗೆ ಅವನೇ ಕಾಂಟ್ರಾಕ್ಟರ್. ಸಾಯಬಣ್ಣ ಕೆಲಸ ಮಾಡುವುದೂ ಅವನ ಗ್ಯಾಂಗಿನಲ್ಲೇ. ಬಾಗಿಲುಗಳು ರಿಪೇರಿಗೆ ಯೋಗ್ಯವಾಗಿರಲಿಲ್ಲ, ಆದರೆ ಒಂದು ಸೈಟಿನಲ್ಲಿ ಹಲಗೆ ಕಡಿಮೆ ಬಿದ್ದಾಗ ಸ್ಲ್ಯಾಬಿನ ಕೆಳಗೆ ಯೋಗ್ಯವೆನಿಸಿದವು. ಅವಕ್ಕೆ ಮೊಳೆ ಹೊಡೆದವನು ಸಾಯಬಣ್ಣನೇ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಅವನಿಗೆ ಅನ್ನಿಸಿತ್ತಂತೆ.

ಮಳೆಗಾಲ ಹೋಯಿತು, ದೀಪಾವಳಿಯೂ ಹೋಯಿತು. ಹೆಂಗಸರು ಜೋಡಿಯಾಗಿ ಹೋಗುವುದು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಛತ್ರಿ ಬಿಚ್ಚಿ ಅಡ್ಡ ಹಿಡಿಯುವುದು ಎಂಬ ಪದ್ಧತಿ ಜಾರಿಗೆ ಬಂತು. ಕೇಳಿದಾಗಲೆಲ್ಲ ನಿಂಗಣ್ಣ "ಮುಂದಿನ ವಾರ" ಎಂದ. ಅವನ ಕ್ಯಾಲೆಂಡರಿನಲ್ಲಿ ಆ ವಾರ ಬರಲೇ ಇಲ್ಲ.

ಭಾಗವ್ವನಿಗೆ ಇದು ಛತ್ರಿಯಷ್ಟರಲ್ಲೇ ಮುಗಿಯುವ ಪ್ರಶ್ನೆಯಾಗಿರಲಿಲ್ಲ. ಒಬ್ಬಳೇ ಮಗಳು ಶೈಲಾಳನ್ನು ಅಂಬರನಾಥಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ದಿನ ತುಂಬುತ್ತ ಬಂದಿತ್ತು. ಬೀಗಿತ್ತಿ ನಾಗರತ್ನಾ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು:

"ನೋಡ್ರಿ ಬೀಗರ, ಸೊಸಿಗಿ ಕಳಸಂಗಿಲ್ಲ ಅಂತಲ್ಲ. ತುಂಬಿದ ಬಸುರಿ ಛತ್ರಿ ಹಿಂದ ಕುಂದರೋದು ನನಗ ಸೇರಂಗಿಲ್ಲ. ಬಾಗಿಲಾ ಹಚ್ಚಿಸ್ರಿ, ಮರುದಿನಾ ನಾನೇ ಕರಕೊಂಡ್ ಬರ್ತೀನಿ. ಇಲ್ಲಾಂದ್ರ ಬಾಣಂತನಾ ನಾನೇ ಮಾಡ್ತೀನಿ."

ಇದರಲ್ಲಿ ತಪ್ಪು ಹುಡುಕಲು ಭಾಗವ್ವನಿಗೆ ಆಗಲಿಲ್ಲ. ಅದೇ ಅವಳ ಸಂಕಟ. ಆದ್ದರಿಂದ ಅವಳು ದಿನವೂ ಬೆಳಿಗ್ಗೆ ಗಂಡನಿಗೆ ಹೇಳುತ್ತಿದ್ದಳು, ಗಂಡ ದಿನವೂ "ನಿಂಗಣ್ಣಗ ಇವತ್ತ ಹೇಳೇ ಬಿಡ್ತೀನಿ" ಎಂದು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಸೈಟಿನಲ್ಲಿ ನಿಂಗಣ್ಣನ ಮುಖ ಕಂಡೊಡನೆ ಅವನ ಬಾಯಿಂದ ಬರುತ್ತಿದ್ದದ್ದು "ನಮಸ್ಕಾರ್ರಿ ಮಾಲಕ" ಮಾತ್ರ.

ಇಂಥ ಸಮಯದಲ್ಲಿ ಗುಡ್ಡದ ಕೆಳಗೆ, ಲಿಫ್ಟ್ ಇರುವ ಬಿಲ್ಡಿಂಗಿನಲ್ಲಿ ವಾಸಿಸುವ ಕೇಶವಮೂರ್ತಿಯವರು ಒಂದು ನಾಟಕ ಬರೆದರು. ಮೈಸೂರು ಕಡೆಯವರು, ಕಂಪನಿಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು. ನಾಟಕದ ಹೆಸರು 'ಮೆಟ್ಟಿಲೋ ಸಿಡಿಲೋ'. ವಸ್ತು: ಸಮಾಜ ಬದಲಾಗಬೇಕಾದದ್ದು ಸುಧಾರಣೆಯಿಂದಲೋ ಕ್ರಾಂತಿಯಿಂದಲೋ. ಕಾರ್ಖಾನೆಯ ಗೇಟಿನ ಮುಂದೆ ಇಬ್ಬರು ನಿಂತು ಮೂರು ಅಂಕಗಳ ಉದ್ದಕ್ಕೂ ವಾದಿಸುತ್ತಾರೆ. ಗೇಟು ತೆರೆಯುವುದಿಲ್ಲ. ಕೊನೆಗೆ ಪ್ರೇಕ್ಷಕರು ಕೈಯೆತ್ತಿ ತೀರ್ಪು ಕೊಡಬೇಕು. ಕ್ರಾಂತಿಕಾರಿಯ ಪಾತ್ರಕ್ಕೆ ಟೆಂಪೋ ಓಡಿಸುವ ಗುರುಬಸವ, ಸುಧಾರಕನ ಪಾತ್ರಕ್ಕೆ ಟೈಲ್ಸ್ ಮೇಸ್ತ್ರಿ ಶಾಂತಪ್ಪ. ಇಬ್ಬರಿಗೂ ಕೇಶವಮೂರ್ತಿಯವರು ತಿಂಗಳುಗಟ್ಟಲೆ ತಾಲೀಮು ಕೊಟ್ಟು ಮೈಸೂರು ಕನ್ನಡ ಕಲಿಸಿದ್ದರು.

ಪಾತ್ರ ಕೇಳಿಕೊಂಡು ಸಾಯಬಣ್ಣನೂ ಹೋಗಿದ್ದ. ಅವನಿಗೆ ಮೈಕು ಸಿಕ್ಕಿತು.

"ನೋಡಿ ಸಾಯಬಣ್ಣ, ನೀವು ಒಂದೇ ಒಂದು ಮಾತು ಹೇಳ್ಬೇಕು. 'ದಯವಿಟ್ಟು ಮೊಬೈಲ್ ಬಂದ್ ಮಾಡಿ.' ಅಷ್ಟೇ. ಆಮೇಲೆ ಮೈಕು ಕೆಳಗಿಟ್ಬಿಡಿ," ಎಂದರು ಕೇಶವಮೂರ್ತಿ.

"ಕೆಳಗ ಇಟ್ರ ಧೂಳ ಹತ್ತತದ್ರಿ ಸರ," ಎಂದ ಸಾಯಬಣ್ಣ. ಅವನು ಅದನ್ನು ಕೊನೆಯವರೆಗೂ ಕೆಳಗಿಡಲಿಲ್ಲ.

ಕೇಶವಮೂರ್ತಿಯವರಿಗೆ ಎರಡು ಸಂಗತಿಗಳು ತಿಳಿದಿರಲಿಲ್ಲ. ಮೊದಲನೆಯದು: ಗುಡ್ಡದ ಜನ ಬಿಟ್ಟು ಬಂದ ಉತ್ತರ ಕರ್ನಾಟಕದ ಊರುಗಳಲ್ಲಿ ನಾಟಕವಾಡಿದರೆ, ಪಾತ್ರಧಾರಿಯನ್ನು ಮೆಚ್ಚಿದವರು ಆಟದ ನಡುವೆಯೇ ರಂಗದ ಮೇಲೆ ಹತ್ತಿ ಟಾವೆಲ್ಲೋ ಟೊಪ್ಪಿಗೆಯೋ ಕೊಟ್ಟು ಗೌರವಿಸುತ್ತಾರೆ. ಇದಕ್ಕೆ ಆಯೇರಿ ಎನ್ನುತ್ತಾರೆ. ರಾಜನಿರಲಿ ರಾಕ್ಷಸನಿರಲಿ, ಪಾತ್ರ ಆಗ ನಿಂತು ಕೈಮುಗಿದು ಸ್ವೀಕರಿಸಬೇಕು, ಆಮೇಲೆ ಯುದ್ಧ ಮುಂದುವರಿಸಬೇಕು. ಎರಡನೆಯದು: ಆಯೇರಿಯನ್ನು ಮೈಕಿನಲ್ಲಿ ಸಾರುವ ಕಲೆಯಲ್ಲಿ ಸಾಯಬಣ್ಣನಿಗೆ ಅವನ ಊರ ಕಡೆ ದೊಡ್ಡ ಹೆಸರು. ಕೊಟ್ಟದ್ದನ್ನು ಕೊಟ್ಟ ಹಾಗೇ ಹೇಳುವುದು ಕಲೆಯಲ್ಲ, ಒಂದಷ್ಟು ಏರಿಸಬೇಕು. ಒಮ್ಮೆ ಸಾರಿದ್ದನ್ನು ಕೊಟ್ಟವನು ಇಳಿಸುವ ಹಾಗಿಲ್ಲ. ಹಿಂದೊಮ್ಮೆ ಒಬ್ಬರು ಕೊಟ್ಟ ಸ್ಟೀಲಿನ ಕೊಡವನ್ನು ಅವನು ತಾಮ್ರದ್ದೆಂದು ಸಾರಿದ್ದರಿಂದ, ಆ ಮನುಷ್ಯ ಮರುದಿನ ಪೇಟೆಗೆ ಹೋಗಿ ತಾಮ್ರದ್ದನ್ನೇ ತರಬೇಕಾಯಿತು.

ಭಾನುವಾರ ಸಭಾಗೃಹ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ ನಿಂಗಣ್ಣ, ತೊಡೆಯ ಮೇಲೆ ಟಾವೆಲ್ಲು, ಟೊಪ್ಪಿಗೆ ತುಂಬಿದ ಪ್ಲಾಸ್ಟಿಕ್ ಚೀಲ. ಮುಂದಿನ ಚುನಾವಣೆಗೆ ಟಿಕೆಟ್ ಸಿಗಬಹುದೆಂಬ ಆಸೆಯಲ್ಲಿದ್ದ ಅವನು ಎಲ್ಲ ಸಮಾರಂಭಗಳಿಗೂ ಚೀಲ ಹಿಡಿದೇ ಹೋಗುತ್ತಿದ್ದ. ಎರಡನೆಯ ಅಂಕದಲ್ಲಿ ಗುರುಬಸವ ಎದೆ ತಟ್ಟಿಕೊಂಡು "ಶತಮಾನಗಳ ಕತ್ತಲೆಯೇ, ಕೇಳು!" ಎಂದು ಗರ್ಜಿಸಿದಾಗ ಟೆಂಪೋದ ಹಾರ್ನಿನಿಂದ ಪಳಗಿದ ಆ ದನಿಗೆ ಕಿಟಕಿಯ ಗಾಜು ನಡುಗಿತು. ನಿಂಗಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ರಂಗ ಹತ್ತಿದ.

"ಯಾರ್ರೀ ಅದು? ಯಾಕೆ ಹತ್ತುತ್ತಿದಾರೆ? ಅವರಿಗೆ ಪಾತ್ರ ಇಲ್ಲ!" ಎಂದು ಪರದೆಯ ಹಿಂದೆ ಕೇಶವಮೂರ್ತಿಯವರು ಒದ್ದಾಡಿದರು. ಪ್ರೇಕ್ಷಕರಿಗೆ ವಿಷಯ ಗೊತ್ತಿತ್ತು. ಸೀಟಿ ಬಿದ್ದವು. ಸಾಯಬಣ್ಣನ ಕೈಯಲ್ಲಿದ್ದ ಮೈಕು ತಾನಾಗಿ ಬಾಯಿಗೆ ಬಂತು.

"ಕೇಳ್ರಪ್ಪೋ ಕೇಳ್ರಿ! ನಮ್ಮ ಗುಡ್ಡದ ದಣಿ, ಬಡವರ ಬಂಧು, ಮಿತ್ರ ಮಂಡಳದ ಅಧ್ಯಕ್ಷರು ಶ್ರೀಮಾನ್ ನಿಂಗಣ್ಣನವರು, ಕ್ರಾಂತಿಕಾರಿ ಪಾರ್ಟ ಮಾಡಿದ ಗುರುಬಸವಗ ಖುಷಿಯಾಗಿ ಮಾಡಿದ ಆಯೇರಿ: ಒಂದು ಜರದ ಅಂಚಿನ ಟಾವೆಲ್ಲಾ! ಒಂದು ಹಾಲಿನಂಥಾ ಬೆಳ್ಳನ್ನ ಟೊಪ್ಪಿಗೀ! ಮತ್ತಾ..."

ಇಲ್ಲಿ ಒಂದು ತಾಂತ್ರಿಕ ತೊಡಕು ಎದುರಾಯಿತು. ಆಯೇರಿಯ ಸಾರಿಕೆಗೆ ಮೂರು ವಸ್ತು ಬೇಕು. ಎರಡಕ್ಕೆ ನಿಂತರೆ ದನಿ ಕುಂಟುತ್ತದೆ. ಮೂರನೆಯದು ಸಾಮಾನ್ಯವಾಗಿ ತೆಂಗಿನಕಾಯಿ. ನಿಂಗಣ್ಣನ ಕೈಯಲ್ಲಿ ತೆಂಗಿನಕಾಯಿ ಕಾಣಲಿಲ್ಲ. ಸಾಯಬಣ್ಣನ ದನಿ ಮೇಲೇರಿ ನಿಂತಿತ್ತು, ಇಳಿಯಲು ಜಾಗ ಬೇಕಿತ್ತು. ಅವನ ತಲೆಯಲ್ಲಿ ಬೆಳಗಿನಿಂದ ಇದ್ದದ್ದು ಒಂದೇ ವಸ್ತು.

"...ನಮ್ಮ ಹೆಣ್ಮಕ್ಕಳ ಸಂಡಾಸಕ್ಕ ನಾಕು ಬಾಗಿಲಾ!"

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಹೊರಗೆ ಮಲಗಿದ್ದ ಶಾಲೆಯ ವಾಚ್‌ಮನ್ ಗೇಟು ತೆರೆದನಂತೆ. ನಿಂಗಣ್ಣ ಟಾವೆಲ್ ಹಿಡಿದ ಭಂಗಿಯಲ್ಲೇ ಕಲ್ಲಾಗಿದ್ದ. ಅಲ್ಲಗಳೆಯೋಣವೆಂದರೆ ಎದುರಿಗೆ ನೂರಾರು ಮೊಬೈಲುಗಳು ಚಿತ್ರ ತೆಗೆಯುತ್ತಿದ್ದವು. ಅವುಗಳನ್ನು ಬಂದ್ ಮಾಡಿಸುವ ಮಾತನ್ನು ಸಾಯಬಣ್ಣ ಮರೆತಿದ್ದ.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಗುರುಬಸವ ಶಿಸ್ತಿನ ನಟ. ಕೊರಳಿಗೆ ಟಾವೆಲ್ ಬಿದ್ದೊಡನೆ ಕೈಮುಗಿದು, ಬರೆದುಕೊಟ್ಟಿದ್ದ ಮುಂದಿನ ಮಾತನ್ನು ಹೇಳಿದ: "ನಿಮ್ಮ ಭಿಕ್ಷೆ ನಮಗೆ ಬೇಡ! ಅದನ್ನು ನಿಮ್ಮ ಮನೆಗೇ ಒಯ್ಯಿರಿ!"

ಭಾಗವ್ವ ಕುರ್ಚಿಯ ಮೇಲೆಯೇ ಎದ್ದು ನಿಂತಳು.

"ಏ ಗುರುಬಸವಾ! ಕೊಟ್ಟ ಬಾಗಿಲಾ ಬ್ಯಾಡ ಅನ್ಲಕ್ಕ ನೀ ಯಾಂವಲೇ? ನೀ ಹೋಗ್ತಿಯೇನು ಛತ್ರಿ ಹಿಡ್ಕೊಂಡು?"

"ಇದು ಪಾರ್ಟಿನ್ಯಾಗಿನ ಮಾತ್ರೀ ವೈನಿ," ಎಂದ ಗುರುಬಸವ, ಮೈಸೂರು ಕನ್ನಡವನ್ನು ಅಲ್ಲೇ ಬಿಟ್ಟು.

"ಪಾರ್ಟ ಸುಡು! ತಗೋತೀನಿ ಅನ್ನು ಮೊದಲ!"

ಗಡಿಬಿಡಿಯಲ್ಲಿ ಸುಧಾರಕ ಶಾಂತಪ್ಪ ಪರಿಸ್ಥಿತಿ ತಿಳಿಯಾಗಲೆಂದು ತನ್ನ ಮಾತನ್ನು ಬೇಗ ಹೇಳಿದ: "ಗೆಳೆಯಾ, ಎಲ್ಲವೂ ಒಂದೇ ದಿನ ಆಗದು. ಇಂದು ಒಂದು, ನಾಳೆ ಇನ್ನೊಂದು. ಮೆಟ್ಟಿಲು ಹತ್ತುವವನು ತಾಳ್ಮೆ ಕಳೆದುಕೊಳ್ಳಬಾರದು."

ನಿಂಗಣ್ಣನಿಗೆ ಜೀವ ಬಂತು. ಸಾಯಬಣ್ಣನ ಕೈಯಿಂದ ಮೈಕು ಕಿತ್ತುಕೊಂಡ. "ಶಾಂತಪ್ಪ ಮಾಮಾ ಹೇಳೋದು ಬರೋಬರ್ ಅದ! ಮೊದಲ ಒಂದು ಬಾಗಿಲಾ ಹಚ್ಚೂಣು. ಆಮ್ಯಾಲ ನೋಡೂಣು."

"ಒಂದಾ?" ಎಂದು ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಶಾಂತಪ್ಪನ ಹೆಂಡತಿಯೇ ಕೂಗಿದಳು: "ನೀವು ಮನೀಗಿ ಬರ್ರಿ, ನಿಮಗ ಮೆಟ್ಲಾ ತೋರಸ್ತೀನಿ!"

ತಾತ್ವಿಕ ಚರ್ಚೆ ಇಷ್ಟು ಸಜೀವವಾಗಿ ನಡೆದದ್ದನ್ನು ಕೇಶವಮೂರ್ತಿಯವರು ಹಿಂದೆ ನೋಡಿರಲಿಲ್ಲ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, ಸಭಾಗೃಹವನ್ನು ಆರು ಗಂಟೆಗೆ ಯಾರದೋ ಬರ್ತ್‌ಡೇ ಪಾರ್ಟಿಗೆ ಬಿಟ್ಟುಕೊಡಬೇಕೆಂಬುದು ನೆನಪಾಗಿ, ಮೂರನೆಯ ಅಂಕ ಹಾರಿಸಿ ನೇರ ತೀರ್ಪಿಗೆ ಬಂದರು. ಸುಧಾರಣೆಯ ಪರ ನಿಂಗಣ್ಣ ಎರಡೂ ಕೈ ಎತ್ತಿದ. ಕ್ರಾಂತಿಯ ಪರ ಹೆಂಗಸರೆಲ್ಲ ಎತ್ತಿದರು. ಗಂಡಸರು ಹೆಂಗಸರ ಕಡೆ ಒಮ್ಮೆ ನೋಡಿ ತಾವೂ ಎತ್ತಿದರು. ಭಾಗವ್ವ ಮಾತ್ರ ಎರಡಕ್ಕೂ ಎತ್ತಲಿಲ್ಲ.

"ನೀವು ಯಾರ ಪರಾನಮ್ಮ?" ಎಂದರು ಕೇಶವಮೂರ್ತಿ.

"ನಾ ನನ್ನ ಮಗಳ ಬಾಣಂತನದ ಪರ ಇದ್ದೀನ್ರಿ ಸರ."

"ಅದು ನಾಟಕದಲ್ಲಿ ಇಲ್ಲವಲ್ಲಮ್ಮ."

"ಹಂಗಾರ ಹಾಕ್ಕೋರಿ."

ಅಂದು ಸಂಜೆಯೇ ನಿಂಗಣ್ಣ ಸಾಯಬಣ್ಣನನ್ನು ಆಫೀಸಿಗೆ ಕರೆಸಿದ.

"ನಾ ಎಷ್ಟು ಬಾಗಿಲಾ ಕೊಟ್ಟೀನಂತಲೇ?"

"ನಾಕ್ರಿ ಮಾಲಕ."

"ಕೊಟ್ಟೀನೇನು?"

"ಇಲ್ರಿ."

"ಮತ್ತ?"

"ಬಾಯಾಗಿಂದ ಬಂದ್ಬಿಡ್ತುರಿ. ಮೂರನೇದು ಬೇಕಾಗಿತ್ತು."

"ತೆಂಗಿನಕಾಯಿ ಅನ್ಬೇಕಿತ್ತು! ನಾಕು ಅಲ್ಲ, ಹತ್ತು ತೆಂಗಿನಕಾಯಿ ಅಂದಿದ್ರ ಕೊಡ್ತಿದ್ದೆ!"

"ಮುಂದಿನ ಸಲಾ ಹಂಗೇ ಅಂತೀನ್ರಿ," ಎಂದು ಸಾಯಬಣ್ಣ ಮನಃಪೂರ್ವಕ ಒಪ್ಪಿಕೊಂಡ.

ನಿಂಗಣ್ಣ ಮೇಜು ಗುದ್ದಿದ. ಆಜ್ಞೆ ಹೀಗಿತ್ತು: ನಾಳೆ ಸೈಟಿಗೆ ರಜೆ. ಸಾಯಬಣ್ಣ ಮನೆಮನೆಗೂ ಹೋಗಿ, ಅದು ನಾಟಕದ ಮಾತು, ನಿಜವಲ್ಲ ಎಂದು ಹೇಳಿ ಬರಬೇಕು. ಇಲ್ಲದಿದ್ದರೆ ಅವನು ಬೇರೆ ಗ್ಯಾಂಗು ನೋಡಿಕೊಳ್ಳಬೇಕು.

ಸಾಯಬಣ್ಣ ಮನೆಗೆ ಬಂದು ಊಟಕ್ಕೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಬಾಗಿಲು ನಿಂಗಣ್ಣ ಕೊಟ್ಟದ್ದಲ್ಲ, ತಾನೇ ಆಡಿದ್ದು. ನಾಳೆ ಆ ಮಾತನ್ನು ವಾಪಸ್ ತಗೊಳ್ಳಬೇಕು. ತಗೊಳ್ಳದಿದ್ದರೆ ಕೆಲಸ ಇಲ್ಲ. ಭಾಗವ್ವ ಬೈಯಲಿಲ್ಲ. ಎದ್ದು ಡಬ್ಬಿ ತೆಗೆದು, ಮಗಳ ಬಾಣಂತನಕ್ಕೆಂದು ಕಾಸಿಟ್ಟಿದ್ದ ತುಪ್ಪದಿಂದ ಒಂದು ಚಮಚ ಅವನ ರೊಟ್ಟಿಯ ಮೇಲೆ ಹಾಕಿದಳು.

"ಯಾಕ?" ಎಂದ ಸಾಯಬಣ್ಣ ಗಾಬರಿಯಾಗಿ.

"ಇಷ್ಟ ವರ್ಷಕ್ಕ ಒಂದು ಮಾತ ಜೋರಾಗಿ ಆಡೀರಿ. ತಿನ್ರಿ."

ಮರುದಿನ ಬೆಳಿಗ್ಗೆ ಸಾಯಬಣ್ಣ ಮಾತು ವಾಪಸ್ ತರಲು ಹೊರಟ. ಮೊದಲ ಮನೆ ಶೀಲಾವತಿ ಮಾವಶಿಯದು. ಮೊಣಕಾಲು ನೋವಿನ ಮುದುಕಿ. ಛತ್ರಿ ಹಿಡಿಯಲು ಜೊತೆ ಸಿಗುವವರೆಗೂ ಕಾದು ಕೂರುವುದು ಅವಳ ಪಾಡು.

"ಮಾವಶಿ, ಆ ಬಾಗಿಲಿನ ಸುದ್ದಿ ಹೇಳ್ಲಕ್ಕ ಬಂದೀನಿ. ಅವು ನಾಟಕದಾಗಿನ..."

"ಗೊತ್ತದಪ್ಪಾ, ನಾಟಕದಾಗೇ ಕೊಟ್ಟಿದ್ದು! ನಾ ಮುಂದೇ ಕುಂತಿದ್ದೆ!" ಎಂದು ಮುದುಕಿ ಅವನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಬಾಯಲ್ಲಿ ಸಕ್ಕರೆ ಇದ್ದಾಗ ನಿರಾಕರಣೆ ಸ್ಪಷ್ಟವಾಗಿ ಹೊರಡುವುದಿಲ್ಲ.

ಎರಡನೆಯ ಮನೆಯಲ್ಲಿ ಚಹಾ. ಮೂರನೆಯ ಮನೆಯಲ್ಲಿ ಒಬ್ಬಳು, "ಅಣ್ಣಾ, ಬಾಗಿಲಾ ಬಂದ್ರ ಒಳಗ ಕತ್ತಲಾ ಆಗಂಗಿಲ್ಲೇನು?" ಎಂದು ಕೇಳಿದಳು. ಸಾಯಬಣ್ಣ ಸಹಜವಾಗಿ, "ಬಲ್ಬ್ ಇಲ್ದ ಹ್ಯಾಂಗ ನಡೀತದ?" ಎಂದ. ಅವನು ಕೇಳಿದ್ದು ಪ್ರಶ್ನೆ. ಅದು ನಾಲ್ಕನೆಯ ಮನೆ ಮುಟ್ಟುವಷ್ಟರಲ್ಲಿ ಉತ್ತರವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಚಾಳಿನ ಸಾಲು ಮುಗಿಸಿದಾಗ ನಿಂಗಣ್ಣ ನಾಲ್ಕು ಬಾಗಿಲು ಮತ್ತು ನಾಲ್ಕು ಬಲ್ಬುಗಳ ದಾನಿಯಾಗಿದ್ದ. ಸಾಯಬಣ್ಣನ ಹೊಟ್ಟೆ ಚಹಾದಿಂದ ಕುಲುಕುತ್ತಿತ್ತು.

ಆ ಹೊತ್ತಿಗೆ ನಲ್ಲಿಯ ಹತ್ತಿರ ಸಭೆ ಸೇರಿತ್ತು. ಮೈಕು ಹಿಡಿದವನೇ ಮಾತು ವಾಪಸ್ ತಗೊಳ್ಳಲು ತಿರುಗುತ್ತಿದ್ದಾನೆಂಬ ಸುದ್ದಿಯನ್ನು ಭಾಗವ್ವನೇ ಹೇಳಿದಳು. ಅವಳಿಗೆ ಮುಚ್ಚುಮರೆಯ ಅಭ್ಯಾಸವಿಲ್ಲ. ರಂಗದ ಮೇಲೆ ಬಾಗಿಲು ಬೇಡವೆಂದದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಗುರುಬಸವ ಸ್ಕ್ರೂಡ್ರೈವರ್ ಹಿಡಿದೇ ಬಂದಿದ್ದ.

"ವೈನಿ, ಹುಕುಂ ಮಾಡ್ರಿ. ನಿಂಗಣ್ಣನ ಆಫೀಸಿನ ಬಾಗಿಲಾನೇ ಬಿಚ್ಚಿ ತಂದು ಹಚ್ತೀನಿ."

"ಅವನ ಆಫೀಸಿಗಿ ಬಾಗಿಲಾ ಎಲ್ಲದೋ? ಶಟರ್ ಅದ," ಎಂದಳು ಭಾಗವ್ವ. ಕ್ರಾಂತಿ ಸ್ಕ್ರೂಡ್ರೈವರನ್ನು ಜೇಬಿಗಿಟ್ಟಿತು.

ಶಾಂತಪ್ಪ ಕೆಮ್ಮಿದ. "ಎಲ್ಲಾರೂ ಕೂಡಿ ಹೋಗಿ ಶಾಂತ ರೀತಿಲೆ ಕೇಳೂಣು. ನಾಕು ಅಂದ್ರ ಎರಡಕ್ಕರ ಬರ್ತಾನ."

"ಐದು ತಿಂಗಳಾತು ಶಾಂತ ರೀತಿಲೆ ಕೇಳೀವಿ," ಎಂದಳು ಅವನ ಹೆಂಡತಿ. ಸುಧಾರಣೆಯೂ ಒಂದು ಮೆಟ್ಟಿಲು ಕೆಳಗಿಳಿಯಿತು.

ಭಾಗವ್ವ ಕೊಡವನ್ನು ನಲ್ಲಿಯ ಕೆಳಗಿಂದ ಸರಿಸಿದಳು. "ನೋಡ್ರಿ, ಅಂವಗ ಕೇಳಿದ್ರ ಮುಂದಿನ ವಾರ ಅಂತಾನ, ಬೈದ್ರ ಕಿವಿ ಮ್ಯಾಲ ಹಾಕ್ಕೊಳಂಗಿಲ್ಲ. ಎರಡೂ ಅಂವಗ ರೂಢಿ ಆಗ್ಯಾವ. ಉಪಕಾರ ಆಯ್ತು ಅಂತ ಅಂವಗ ಇಲ್ಲೀತನಕ ಯಾರೂ ಅಂದಿಲ್ಲ. ಅನ್ನೂಣು."

"ಕೊಡದೇ ಇದ್ದಿದ್ದಕ್ಕಾ?" ಎಂದ ಗುರುಬಸವ.

"ಮೈಕಿನ್ಯಾಗ ಕೊಟ್ಟಾನಲ್ಲ. ನಮಗಷ್ಟು ಸಾಕು."

ಶಾಂತಪ್ಪನ ಮನೆಯ ತಗಡಿನ ಮೇಲೆ, ಸೋರದಿರಲೆಂದು, ಒಂದು ದೊಡ್ಡ ಫ್ಲೆಕ್ಸ್ ಹೊದಿಸಿತ್ತು. ಅದು ಹೋದ ವರ್ಷ ನಿಂಗಣ್ಣನ ಹುಟ್ಟುಹಬ್ಬಕ್ಕೆ ಅವನೇ ಹಾಕಿಸಿಕೊಂಡಿದ್ದ ಫ್ಲೆಕ್ಸ್. ಕಪ್ಪು ಕನ್ನಡಕ, ಮುಗಿದ ಕೈ, ಸುತ್ತಲೂ ಗುಲಾಬಿ ಹೂ. ಅದನ್ನು ಇಳಿಸಿ ತೊಳೆದರು. ಹುಟ್ಟುಹಬ್ಬ ಎಂದಿದ್ದ ಕಡೆ ಕಾಗದ ಅಂಟಿಸಿ, ನಾಲ್ಕು ಬಾಗಿಲು ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದರು. ಹಾಗಾಗಿ ಫ್ಲೆಕ್ಸಿನ ಒಟ್ಟು ಅರ್ಥ, ನಿಂಗಣ್ಣನವರಿಗೆ ನಾಲ್ಕು ಬಾಗಿಲುಗಳ ಹಾರ್ದಿಕ ಶುಭೇಚ್ಛೆಗಳು ಎಂದಾಯಿತು. ಯಾರೂ ಆಕ್ಷೇಪಿಸಲಿಲ್ಲ. ಸಂಜೆಗೆ ಅದು ರಿಕ್ಷಾ ಸ್ಟ್ಯಾಂಡಿನ ಹತ್ತಿರ, ರಸ್ತೆಗಳು ಕೂಡುವ ನಾಕಾದಲ್ಲಿ ನಿಂತಿತು. ಮುಂಬಯಿಯಲ್ಲಿ ಸುದ್ದಿ ನಿಜವಾಗಲು ನಡೆಯಲೇಬೇಕೆಂದಿಲ್ಲ; ಫ್ಲೆಕ್ಸಿನ ಮೇಲೆ ಬಂದರೆ ಸಾಕು.

ನಿಂಗಣ್ಣ ಬೈಕಿನಲ್ಲಿ ಬಂದವನು ತನ್ನ ಮುಖದ ಎದುರಿಗೇ ಬ್ರೇಕು ಹಾಕಿದ. ಓದುವಷ್ಟರಲ್ಲಿ ಫೋನು ಬಂತು. ಟಿಕೆಟ್ ಹಂಚುವವರಿಗೆ ಹತ್ತಿರದ ಸಾಹೇಬರೊಬ್ಬರದು. ಹಿಂದೆ ಅವನು ಹತ್ತು ಸಲ ಮಾಡಿದರೂ ಎತ್ತದವರು. ಫ್ಲೆಕ್ಸಿನ ಫೋಟೋ ಅವರ ಮೊಬೈಲಿಗೂ ಮುಟ್ಟಿತ್ತು.

"ಅಭಿನಂದನ್, ನಿಂಗಣ್ಣಾ! ಖೂಪ್ ಛಾನ್ ಕಾಮ್! ಉದ್ಘಾಟನಾಲಾ ಮೀ ಯೇತೋ!"

ಬಹಳ ಒಳ್ಳೆಯ ಕೆಲಸವೆಂದು ಮರಾಠಿಯಲ್ಲಿ ಹೊಗಳಿ, ಉದ್ಘಾಟನೆಗೆ ತಾವೇ ಬರುವುದಾಗಿ ಹೇಳಿ ಅವರು ಫೋನಿಟ್ಟರು. ನಿಂಗಣ್ಣ ಆಫೀಸಿಗೆ ಹೋಗಿ ಶಟರ್ ಅರ್ಧ ಇಳಿಸಿ ಕೂತ. ಅದರ ಕೆಳಗಿನಿಂದ ಮೊದಲು ಕಂಡದ್ದು ಹೆಂಗಸರ ಪಾದಗಳು, ಬಹಳ ಪಾದಗಳು. ಗಲಾಟೆಯೆಂದು ಅವನು ಎದ್ದು ನಿಂತ. ಬಂದದ್ದು ಆರತಿ. ಹಣೆಗೆ ಕುಂಕುಮ ಹಚ್ಚಿದರು, ತಲೆಯ ಮೇಲೆ ಅಕ್ಕಿ ಹಾಕಿದರು. ಶೀಲಾವತಿ ಮಾವಶಿ ಮೊಣಕಾಲು ಹಿಡಿದುಕೊಂಡೇ ಗುಡ್ಡ ಇಳಿದು ಬಂದಿದ್ದಳು. ಬಾಗಿಲು ಇನ್ನೂ ಅಂಗಡಿಯನ್ನೂ ಬಿಟ್ಟಿಲ್ಲವೆಂಬುದು ಅವಳಿಗೆ ಅರ್ಥವಾಗಿರಲಿಲ್ಲ, ಅಥವಾ ಅರ್ಥವಾಗಿಯೂ ಲೆಕ್ಕಕ್ಕೆ ಬಂದಿರಲಿಲ್ಲ. ಎರಡೂ ಕೈಯಿಂದ ಅವನ ಮುಖ ನೀವಿ ನೆಟಿಕೆ ಮುರಿದಳು.

"ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ, ಮಗನ. ನನ್ನ ಮಾನ ಉಳಿಸಿದಿ."

ನಿಂಗಣ್ಣ ಕಣ್ಣು ಒರೆಸಿಕೊಂಡು, "ಕರ್ಪೂರದ ಹೊಗಿ ಭಾಳ ಆಯ್ತು," ಎಂದ. ಆರತಿ ಎಣ್ಣೆಯದು, ಕರ್ಪೂರ ಇರಲಿಲ್ಲ. ವಾಸ್ತವಾಂಶಕ್ಕೆ ಸಂಬಂಧಿಸಿದ್ದಾದ್ದರಿಂದ ಹೇಳಬೇಕಾಯಿತು.

ಹೆಂಗಸರು ಹೋದ ಮೇಲೆ ಅವನು ಸಾಯಬಣ್ಣನಿಗೆ ಫೋನು ಮಾಡಿದ. "ವಾಪಸ್ ತಗೊಂಡ್ಯಾ?"

"ಇಲ್ರಿ ಮಾಲಕ. ತಪ್ಪಾಯ್ತು. ಮ್ಯಾಲ ನಾಕು ಬಲ್ಬೂ ಆದವ್ರಿ."

ಕೆಲಸ ಹೋಯಿತೆಂದೇ ಸಾಯಬಣ್ಣ ತಿಳಿದ. ಆದರೆ ನಿಂಗಣ್ಣ ಹೇಳಿದ: "ನಾಳೆ ಮುಂಜಾನೆ ಬೈಕುಲ್ಲಾಕ್ಕ ಬಾ. ಗುರುಬಸವನ ಟೆಂಪೋ ತಗೊಂಡ್ ಬಾ. ಅಳತಿ ಮರೀಬ್ಯಾಡ."

ಸಾಯಬಣ್ಣ ಅಳತೆ ಮರೆಯಲಿಲ್ಲ, ಟೇಪು ಮರೆತ. ಆದರೂ ಕೈಯ ಗೇಣಿನಲ್ಲೇ ಅಳೆದು, ಕೆಡವಿದ ಹಳೆಯ ಬಿಲ್ಡಿಂಗುಗಳ ಸಾಮಾನು ಮಾರುವ ಅಂಗಡಿಯಿಂದ ನಾಲ್ಕು ಬಾಗಿಲು ಆರಿಸಿದ. ಒಂದಕ್ಕೊಂದು ಹೋಲಿಕೆಯಿಲ್ಲ. ಒಂದರ ಮೇಲೆ ಹನ್ನೆರಡು ಎಂಬ ಹಿತ್ತಾಳೆಯ ನಂಬರು. ಒಂದಕ್ಕೆ ಹೂಬಳ್ಳಿಯ ಕೆತ್ತನೆ. ಒಂದು ನೀಲಿ ಬಣ್ಣದ್ದು. ಇನ್ನೊಂದರಲ್ಲಿ ಬಂದವರನ್ನು ಇಣುಕಿ ನೋಡುವ ಗಾಜಿನ ತೂತಿತ್ತು. ಆ ತೂತಿಗೆ ಭಾಗವ್ವ ತಾನೇ ನಿಂತು ಸಿಮೆಂಟು ಮೆತ್ತಿಸಿದಳು. ದುಡ್ಡು ನಿಂಗಣ್ಣನದು, ನಾಲ್ಕು ಬಲ್ಬಿನದ್ದೂ ಸೇರಿ; ಹಚ್ಚಿದವನು ಸಾಯಬಣ್ಣ. ಟೆಂಪೋ ಬಾಡಿಗೆ ಗುರುಬಸವ ಕೇಳಲಿಲ್ಲ, ಒಡೆದ ಟೈಲ್ಸನ್ನು ಶಾಂತಪ್ಪ ಯಾರೂ ಹೇಳದೆ ಬದಲಾಯಿಸಿದ.

ಕೆಲಸ ಮುಗಿಯುವ ಹೊತ್ತಿಗೆ ನಿಂಗಣ್ಣ ಬಂದ. ಜೇಬಿನಿಂದ ನಾಲ್ಕು ಪೊಟ್ಟಣ ತೆಗೆದು ಸಾಯಬಣ್ಣನ ಕೈಗಿಟ್ಟ. ಒಳಗಡೆಯ ಚಿಲಕಗಳು, ಹೊಸವು. ಚಿಲಕವನ್ನು ಯಾರೂ ಸಾರಿರಲಿಲ್ಲ.

ಸಾಹೇಬರ ಉದ್ಘಾಟನೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ಸಾಹೇಬರು ದಾರಿಯಲ್ಲಿದ್ದೇನೆ ಎಂದು ಮೂರು ಸಲ ಫೋನು ಮಾಡಿಸಿದರು. ಶೀಲಾವತಿ ಮಾವಶಿ ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ. ರಿಬ್ಬನ್ನಿನ ಕೆಳಗೆ ಬಗ್ಗಿ ಹನ್ನೆರಡನೆಯ ನಂಬರಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಆ ಶಬ್ದ ಕೇಳಿದೊಡನೆ ಎಲ್ಲರೂ ಚಪ್ಪಾಳೆ ಹೊಡೆದರು. ಉದ್ಘಾಟನೆ ಆಯಿತೆಂದೇ ದಾಖಲಿಸಬೇಕು.

ಕೇಶವಮೂರ್ತಿಯವರು ಹೆಂಡತಿ ರಮಾಮಣಿಯವರ ಜೊತೆ ಗುಡ್ಡ ಹತ್ತಿ ಬಂದಿದ್ದರು. ನಾಲ್ಕು ಬಾಗಿಲುಗಳ ಮುಂದೆ ಬಹಳ ಹೊತ್ತು ನಿಂತರು.

"ಕೇಳಿ ಪಡೆದದ್ದಲ್ಲ, ಹಾಗಾಗಿ ಸುಧಾರಣೆ ಅಲ್ಲ. ಕಿತ್ತುಕೊಂಡದ್ದೂ ಅಲ್ಲ, ಹಾಗಾಗಿ ಕ್ರಾಂತಿ ಅಲ್ಲ. ಹಾಗಾದ್ರೆ ಇದು ಏನು ಕಣೇ?"

"ಬಾಗಿಲು ಕಣ್ರೀ," ಎಂದರು ರಮಾಮಣಿ. "ಸ್ವಲ್ಪ ಪಕ್ಕಕ್ಕೆ ಬನ್ನಿ, ಹೆಂಗಸರು ಕಾಯ್ತಿದಾರೆ."

ಮರುದಿನ ನಾಗರತ್ನಾ ಮಾತು ಕೊಟ್ಟಂತೆ ಸೊಸೆಯನ್ನು ಕರೆದುಕೊಂಡು ಬಂದರು. ಶೈಲಾ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕೂತಳು. ನಾಗರತ್ನಾ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನೇರ ಸಂಡಾಸಿಗೆ ಹೋಗಿ ನಾಲ್ಕೂ ಬಾಗಿಲುಗಳನ್ನು ಒಂದೊಂದಾಗಿ ಹಾಕಿ ತೆಗೆದು, ಚಿಲಕ ಎಳೆದು, ದೂಡಿ ನೋಡಿದರು. ಭಾಗವ್ವ ಸೆರಗು ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು.

"ಇದಕ್ಕ ಹನ್ನೆರಡು ನಂಬರ್ ಯಾಕ?"

"ಅದು ಮೊದಲಿಂದೇ ಇತ್ರಿ ಬೀಗರ," ಎಂದ ಸಾಯಬಣ್ಣ. ಅವನ ಜೀವನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಅಪರೂಪದ ಸಂದರ್ಭ.

ನಾಗರತ್ನಾ ಮನೆಗೆ ಬಂದು ಕೂತು ಚಹಾ ಕುಡಿದರು. ಸೊಸೆಯ ಬಟ್ಟೆಯ ಗಂಟನ್ನು ಭಾಗವ್ವನ ಕೈಗೆ ಕೊಟ್ಟು, ಸಂಜೆಯ ಲೋಕಲ್ಲಿನಲ್ಲಿ ಒಬ್ಬರೇ ಅಂಬರನಾಥಕ್ಕೆ ಮರಳಿದರು.